ಗಾಳಿಗಿಂತ ಮೊದಲು ನೆರವು ತಲುಪಲಿ

1970ರ ನವೆಂಬರ್ 12ರಂದು ಇಂದಿನ ಬಾಂಗ್ಲಾದೇಶದ ಕರಾವಳಿಗೆ ಅಪ್ಪಳಿಸಿದ ಭೋಲಾ ಚಂಡಮಾರುತಕ್ಕೆ ಕನಿಷ್ಠ ಮೂರು ಲಕ್ಷ ಜನ ಬಲಿಯಾದರು. 2020ರ ಮೇ 20ರಂದು ಅದೇ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಅಂಫಾನ್ ಬಂದೆರಗಿದಾಗ ಬಾಂಗ್ಲಾದೇಶದಲ್ಲಿ ಸತ್ತವರ ಸಂಖ್ಯೆ ಎರಡಂಕಿ ದಾಟಲಿಲ್ಲ. ಅಷ್ಟರಲ್ಲಾಗಲೇ ಸುಮಾರು 24 ಲಕ್ಷ ಜನ ಆಶ್ರಯತಾಣ ಸೇರಿದ್ದರು. ಉಪಗ್ರಹ, ಹವಾಮಾನ ಮುನ್ಸೂಚನೆ, ಮನೆಮನೆಗೆ ಹೋಗಿ ಎಚ್ಚರಿಸುವ ಸಾವಿರಾರು ಸ್ವಯಂಸೇವಕರು ಸೇರಿ ಸಾಧಿಸಿದ್ದು ಇದು.

ಆದರೆ ಜೀವ ಉಳಿಸಿಕೊಂಡು ಊರಿಗೆ ಮರಳಿದವರ ಪಾಡು ಬೇರೆಯೇ ಇತ್ತು. ಖುಲ್ನಾ, ಸಾತ್‌ಖಿರಾ ಜಿಲ್ಲೆಗಳಲ್ಲಿ ಮಣ್ಣಿನ ಒಡ್ಡುಗಳು ಒಡೆದು, ಉಪ್ಪುನೀರು ಹಲವು ಊರುಗಳಲ್ಲಿ ತಿಂಗಳುಗಟ್ಟಲೆ ನಿಂತಿತು. ಇಂಥ ಹೊತ್ತಿನಲ್ಲಿ ಬಡ ಕುಟುಂಬ ಮೊದಲು ಊಟ ಕಡಿಮೆ ಮಾಡುತ್ತದೆ, ಆಮೇಲೆ ದನ ಮಾರುತ್ತದೆ, ಕೊನೆಗೆ ಬಡ್ಡಿ ಸಾಲಕ್ಕೆ ಕೈಯೊಡ್ಡುತ್ತದೆ. ನಷ್ಟದ ಅಂದಾಜು, ಮನವಿ, ಮಂಜೂರಾತಿ ಮುಗಿದು ಪರಿಹಾರ ಬರುವ ವೇಳೆಗೆ ಈ ಮೂರೂ ಆಗಿಹೋಗಿರುತ್ತವೆ.

ಇದನ್ನು ತಪ್ಪಿಸುವ ದಾರಿ ಇದೆ. ಮುನ್ಸೂಚನೆ ಇಂಥ ಮಿತಿ ದಾಟಿದರೆ ಇಷ್ಟು ಹಣ, ಇಂಥ ಊರಿಗೆ, ಇಂಥವರ ಮೂಲಕ ಹೋಗಬೇಕೆಂದು ಮೊದಲೇ ನಿರ್ಧರಿಸಿಡುವುದು. ಆಮೇಲೆ ಸಭೆ ಕರೆಯುವ ಅಗತ್ಯವೇ ಇರುವುದಿಲ್ಲ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯ ನೆರೆ ಉತ್ತುಂಗಕ್ಕೇರುವ ಮುನ್ನ ವಿಶ್ವ ಆಹಾರ ಕಾರ್ಯಕ್ರಮವು ಸುಮಾರು 23 ಸಾವಿರ ಕುಟುಂಬಗಳಿಗೆ ತಲಾ 4,500 ಟಾಕಾವನ್ನು ಮೊಬೈಲ್ ಮೂಲಕ ಕಳಿಸಿತು. ಹಣ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನಡೆದ ಅಧ್ಯಯನದಲ್ಲಿ, ಹಣ ಸಿಕ್ಕ ಮನೆಗಳು ನೆರೆಯ ವೇಳೆ ಇಡೀ ದಿನ ಉಪವಾಸ ಕಳೆಯುವ ಸಂಭವ ಶೇ. 36ರಷ್ಟು ಕಡಿಮೆ ಎಂದು ಕಂಡುಬಂತು. ಮೂರು ತಿಂಗಳ ನಂತರವೂ ಅವರ ಊಟ ಉತ್ತಮವಾಗಿತ್ತು.

ದೊಡ್ಡ ನದಿಯ ನೆರೆ ಹತ್ತು ದಿನ ಮೊದಲೇ ಸುಳಿವು ಕೊಡಬಲ್ಲದು. ಚಂಡಮಾರುತ ಅಷ್ಟು ಕಾಲಾವಕಾಶ ಕೊಡುವುದಿಲ್ಲ, ಸಿಗುವ ಅವಕಾಶವೂ ಈಗ ಕುಗ್ಗುವ ಅಪಾಯವಿದೆ. ಚಂಡಮಾರುತ ಹುಟ್ಟಲು ಕಡಲ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಮೇ ತಿಂಗಳ ಬಂಗಾಳ ಕೊಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈ ಶಾಖವನ್ನು ಹೀರಿದ ಅಂಫಾನ್, ಸಾಮಾನ್ಯ ಚಂಡಮಾರುತದ ಹಂತದಿಂದ ಸೂಪರ್ ಸೈಕ್ಲೋನ್ ಆಗಲು ಎರಡು ದಿನವೂ ಹಿಡಿಯಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊದ ಅಕಾಪುಲ್ಕೊಗೆ ಬಡಿದ ಓಟಿಸ್ ಒಂದೇ ದಿನದಲ್ಲಿ ಐದನೇ ದರ್ಜೆಗೇರಿತು. ಕಳೆದ ನಾಲ್ಕು ದಶಕಗಳಲ್ಲಿ ಪ್ರಬಲ ಚಂಡಮಾರುತಗಳ ಪಾಲು ಹೆಚ್ಚಿದೆ, ಭೂಮಿ ಬಿಸಿಯಾದಂತೆ ಇನ್ನೂ ಹೆಚ್ಚಲಿದೆ ಎಂಬುದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ನಿರ್ಣಯ. ಕೊನೆಯ ಗಳಿಗೆಯಲ್ಲಿ ಗಾಳಿ ಬಲಿತರೆ, ಆಗ ಯೋಜನೆ ಮಾಡಲು ಕೂತವರಿಗೆ ಸಮಯವೇ ಸಿಗುವುದಿಲ್ಲ.

ಇದು ನಮ್ಮ ಕರಾವಳಿಯ ಮಾತೂ ಹೌದು. ಅರಬ್ಬೀ ಸಮುದ್ರದಲ್ಲಿ 1982ರಿಂದ 2000ರ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಚಂಡಮಾರುತಗಳು ಶೇ. 52ರಷ್ಟು, ಅತಿ ತೀವ್ರವಾದವು ಶೇ. 150ರಷ್ಟು ಹೆಚ್ಚಿವೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. 2021ರ ಮೇನಲ್ಲಿ ಗುಜರಾತಿನತ್ತ ಸಾಗಿದ ತೌಕ್ತೆ, ಇಲ್ಲಿ ನೆಲಕ್ಕೆ ಅಪ್ಪಳಿಸದೆಯೇ ನಮ್ಮ ಮೂರೂ ಕರಾವಳಿ ಜಿಲ್ಲೆಗಳನ್ನು ಕಂಗೆಡಿಸಿತು.

ಗಾಳಿ ದಿಕ್ಕು ಬದಲಿಸಿದರೆ ಕೊಟ್ಟ ಹಣ ವ್ಯರ್ಥವಲ್ಲವೇ ಎಂಬ ಪ್ರಶ್ನೆ ಸಹಜ. ಕೆಲವೊಮ್ಮೆ ಹಾಗಾಗುತ್ತದೆ, ಆ ಸಾಧ್ಯತೆಯನ್ನು ಲೆಕ್ಕ ಹಾಕಿಯೇ ಮಿತಿಯನ್ನು ಗೊತ್ತುಮಾಡಬೇಕು. ಗಾಳಿ ಬಾರದಿದ್ದರೂ ಬಡವರ ಮನೆ ಸೇರಿದ ಹಣ ಅಕ್ಕಿಗೆ, ಔಷಧಿಗೆ, ಸೂರಿನ ದುರಸ್ತಿಗೆ ಒದಗುತ್ತದೆ. ತಡವಾದ ನೆರವಿಗೆ ತೆರುವ ಬೆಲೆ ಇದಕ್ಕಿಂತ ದೊಡ್ಡದು.

ಮಾನವೀಯ ಬಿಕ್ಕಟ್ಟುಗಳಲ್ಲಿ ಅರ್ಧದಷ್ಟನ್ನಾದರೂ ಮುಂಗಾಣಬಹುದು ಎನ್ನುತ್ತದೆ ವಿಶ್ವಸಂಸ್ಥೆ. ಆದರೂ ನೆರವಿನ ಹಣದಲ್ಲಿ ಹೀಗೆ ಮುಂಚಿತವಾಗಿ ಖರ್ಚಾಗುವುದು ಶೇ. 1ರ ಆಸುಪಾಸು ಮಾತ್ರ. ದಡದ ಗುಡಿಸಲುಗಳಲ್ಲಿ ಇರುವವರು, ನಾಡದೋಣಿಯನ್ನೇ ನಂಬಿದವರು, ಗರ್ಭಿಣಿಯರು, ಒಂಟಿ ವೃದ್ಧರು ಯಾರೆಂದು ಪಂಚಾಯಿತಿಗೆ ಗೊತ್ತಿರುತ್ತದೆ. ಅವರ ಪಟ್ಟಿ, ಖಾತೆಗಳ ವಿವರ, ಹಣ ಬಿಡುಗಡೆಯ ಅಧಿಕಾರ ಪ್ರತಿ ವರ್ಷ ಏಪ್ರಿಲ್ ಮುಗಿಯುವುದರೊಳಗೆ ಜಿಲ್ಲಾಡಳಿತದ ಕೈಯಲ್ಲಿ ಸಿದ್ಧವಿರಬೇಕು. ವಾಯುಭಾರ ಕುಸಿತದ ಸುದ್ದಿ ಬಂದ ಮೇಲೆ ಇದನ್ನೆಲ್ಲ ಆರಂಭಿಸಿದರೆ, ಅತಿ ಹೆಚ್ಚು ಕಳೆದುಕೊಳ್ಳುವವರು ಅತಿ ಕಡಿಮೆ ಇರುವವರೇ.