ಸಾಹಿತ್ಯ ಅಪ್ಪನದು, ರಾಗ ಊರವರದು

ಒಂದಲ್ಲ ಎರಡಲ್ಲ, ಸಾವಿರಕ್ಕೂ ಮಿಕ್ಕಿದ ಹಾಡುಗಳು! ಸಾಹಿತ್ಯವಿದೆ, ರಾಗವೇ ಇಲ್ಲ. ಅಮೆರಿಕದ ಜನಪದ ಗಾಯಕ ವುಡಿ ಗತ್ರಿ 1967ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯಿದು. ನೋಟ್‌ಬುಕ್ಕು, ಟೈಪ್ ಮಾಡಿದ ಹಾಳೆ, ಕೈಗೆ ಸಿಕ್ಕ ಚೂರು ಕಾಗದ, ಎಲ್ಲದರ ಮೇಲೂ ಹಾಡು. ಸ್ವರಲಿಪಿ ಬರೆದಿಡುವ ಜಾಯಮಾನ ಅವರದಲ್ಲ; ಮಟ್ಟು ತಲೆಯಲ್ಲೇ ಇರುತ್ತಿತ್ತು. ಹಂಟಿಂಗ್‌ಟನ್ ಎಂಬ ಆನುವಂಶಿಕ ನರರೋಗ ಆ ತಲೆಯನ್ನೂ ಗಿಟಾರ್ ಮೀಟುವ ಕೈಯನ್ನೂ ವರ್ಷಗಟ್ಟಲೆ ಕಾಡಿ ಕೆಡಿಸಿತು. ಮಟ್ಟುಗಳೂ ಅವರೊಂದಿಗೇ ಹೋದವು.

ಈ ನಿಧಿ ಯಾರ ಕೈತಪ್ಪಿತು ಗೊತ್ತೇ? ಸಾಕ್ಷಾತ್ ಬಾಬ್ ಡಿಲನ್ ಕೈ! ಆಸ್ಪತ್ರೆಯಲ್ಲಿದ್ದ ಗತ್ರಿಯೇ, ಮನೆಯ ನೆಲಮಾಳಿಗೆಯಲ್ಲಿ ಹಾಡುಗಳಿವೆ, ಹೋಗಿ ತಗೋ ಎಂದಿದ್ದರಂತೆ. ಹುಡುಗ ಡಿಲನ್ ರೈಲು ಹತ್ತಿ, ಚಳಿಯಲ್ಲಿ ಜೌಗುನೆಲ ದಾಟಿ, ಒದ್ದೆ ಬೂಟಿನಲ್ಲೇ ಬಾಗಿಲು ತಟ್ಟಿದರೆ ಗತ್ರಿಯ ಹೆಂಡತಿ ಮನೆಯಲ್ಲಿಲ್ಲ. ಬರಿಗೈಲಿ ವಾಪಸ್. 2004ರ ಆತ್ಮಕಥೆಯಲ್ಲಿ ಡಿಲನ್ ಅವರೇ ಹೀಗೆ ಬರೆದುಕೊಂಡಿದ್ದಾರೆ.

ಮುಂದೆ ಮಗಳು ನೋರಾ ಗತ್ರಿ 1995ರಲ್ಲಿ ಆ ಕಾಗದಗಳನ್ನು ಇಂಗ್ಲೆಂಡಿನ ಗಾಯಕ ಬಿಲ್ಲಿ ಬ್ರ್ಯಾಗ್ ಮುಂದಿಟ್ಟರು. ಬ್ರ್ಯಾಗ್ ಜೊತೆಗೆ ಷಿಕಾಗೋದ ವಿಲ್ಕೋ ತಂಡ ಸೇರಿತು. ಅಪ್ಪನನ್ನು ಅನುಕರಿಸುವುದು ನೋರಾಗೆ ಬೇಕಿರಲಿಲ್ಲ, ಹೊಸ ಕಾಲಕ್ಕೆ ಹೊಸ ಸಂಗೀತ ಬೇಕಿತ್ತು. ಎಂಥ ಎದೆಗಾರಿಕೆ! 1998ರಲ್ಲಿ ಬಂದ ಆಲ್ಬಮ್ಮಿಗೆ ‘ಮರ್ಮೇಡ್ ಅವೆನ್ಯೂ’ ಎಂದು ಹೆಸರಿಟ್ಟರು. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಗತ್ರಿ ಸಂಸಾರ ಹೂಡಿದ್ದ ಬೀದಿಯದು. ಎರಡನೇ ಸಂಪುಟ 2000ದಲ್ಲಿ ಬಂತು.

ಕೂಲಿಕಾರರ, ಗುಳೆಹೋದವರ ಹಾಡುಗಾರನೆಂದೇ ಲೋಕ ಬಲ್ಲ ಗತ್ರಿ ಈ ಹಾಳೆಗಳಲ್ಲಿ ಬೇರೆಯೇ ಆಸಾಮಿ. ನಟಿ ಇನ್‌ಗ್ರಿಡ್ ಬರ್ಗ್‌ಮನ್ ಮೇಲೆ ಜ್ವಾಲಾಮುಖಿಯಷ್ಟು ಮೋಹ, ಹಾರುವ ತಟ್ಟೆಯ ಮೇಲೊಂದು ಹಾಡು, ಮಕ್ಕಳಿಗಾಗಿ ಅರ್ಥವಿಲ್ಲದ ಪದಗಳ ಕುಣಿತ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಪುಟ್ಟ ಚೂರು. ಮರದ ಕಾಲು ಕಳೆದುಕೊಂಡ ನಾವಿಕನೊಬ್ಬ ಅದನ್ನು ಹುಡುಕಿಕೊಂಡು ಬಾಸ್ಟನ್ನಿಗೆ ಹೊರಟಿದ್ದಾನೆ. ಅಷ್ಟೇ ಕಥೆ, ಕೆಲವೇ ಸಾಲು. ಬಾಸ್ಟನ್ನಿನದೇ ಪಂಕ್ ತಂಡ ಡ್ರಾಪ್‌ಕಿಕ್ ಮರ್ಫೀಸ್ ಅದಕ್ಕೆ ಅಕಾರ್ಡಿಯನ್ನು, ಡ್ರಮ್ಮು, ಕಿರುಚು ದನಿ ಸೇರಿಸಿ ಸಿಡಿಸಿತು. 2006ರಲ್ಲಿ ಅದು ಮಾರ್ಟಿನ್ ಸ್ಕಾರ್ಸೆಸಿಯ ‘ದಿ ಡಿಪಾರ್ಟೆಡ್’ ಸಿನಿಮಾ ಸೇರಿತು. ಚಿತ್ರ ನೋಡಿದ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು, ಅದು ಗತ್ರಿ ಬರೆದದ್ದೆಂದು?

ಷರೀಫರ ತತ್ವಪದಗಳಿಗೆ ಅಶ್ವತ್ಥ್ ಕೂರಿಸಿದ ರಾಗಗಳನ್ನು ಕೇಳಿ ಬೆಳೆದ ನಮಗೆ ಇದೇನು ಮಹಾ ಅನ್ನಿಸಬಹುದು. ಆದರೆ ಷರೀಫರ ಪದಗಳು ಜನರ ನಾಲಗೆಯ ಮೇಲೆ ಬದುಕಿದ್ದವು. ಇವು ಪೆಟ್ಟಿಗೆಯಲ್ಲಿ ಮಲಗಿದ್ದವು. ಯೆಹೂದಿ ಸಂಗೀತದ ಕ್ಲೆಜ್‌ಮ್ಯಾಟಿಕ್ಸ್ ತಂಡ ಇದೇ ಪೆಟ್ಟಿಗೆಯಿಂದ ಕಟ್ಟಿದ ‘ವಂಡರ್ ವೀಲ್’ ಆಲ್ಬಮ್ಮಿಗಂತೂ ಗ್ರ್ಯಾಮಿಯೇ ಬಂತು.

ಕೇಳುವುದಾದರೆ ‘ಕ್ಯಾಲಿಫೋರ್ನಿಯಾ ಸ್ಟಾರ್ಸ್’ನಿಂದ ಶುರುಮಾಡಿ. ರಾಗ ವಿಲ್ಕೋದ ಜೆಫ್ ಟ್ವೀಡಿ, ಜೇ ಬೆನೆಟ್ ಅವರದು. ಸಾಹಿತ್ಯ ಬರೆದವರಾಗಲಿ ರಾಗ ಕಟ್ಟಿದವರಾಗಲಿ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಗತ್ರಿ ತೀರಿಕೊಂಡ ವರ್ಷವೇ ಟ್ವೀಡಿ ಹುಟ್ಟಿದ್ದು.