ಹಲ್ಲು ಮತ್ತು ಒಸಡುಗಳ ದೈನಂದಿನ ಆರೈಕೆ

ಹಲ್ಲು ಮತ್ತು ಒಸಡುಗಳ ದೈನಂದಿನ ಆರೈಕೆ ಎಂದರೆ ಹಲ್ಲುಜ್ಜುವುದು, ಹಲ್ಲುಗಳ ಸಂದುಗಳನ್ನು ಶುಚಿಗೊಳಿಸುವುದು, ಸಿಹಿ ಪದಾರ್ಥಗಳ ಸೇವನೆಯನ್ನು ಮಿತಗೊಳಿಸುವುದು ಹಾಗೂ ತಂಬಾಕು, ಅಡಿಕೆಗಳಿಂದ ದೂರವಿರುವುದು ಮುಂತಾದ ಅಭ್ಯಾಸಗಳ ಮೂಲಕ ದಂತಕ್ಷಯ (ಹುಳುಕು ಹಲ್ಲು) ಮತ್ತು ಒಸಡಿನ ರೋಗಗಳನ್ನು ತಡೆಗಟ್ಟುವ ಕ್ರಮ. ಈ ಎರಡೂ ರೋಗಗಳು ಆರಂಭದ ಹಂತದಲ್ಲಿ ಸಾಮಾನ್ಯವಾಗಿ ನೋವನ್ನುಂಟುಮಾಡುವುದಿಲ್ಲ. ನೋವು ಕಾಣಿಸಿಕೊಳ್ಳುವ ವೇಳೆಗೆ ಹಾನಿ ಬಹುಪಾಲು ನಡೆದುಹೋಗಿರುತ್ತದೆ. ಕುಳಿಬಿದ್ದ ಹಲ್ಲಿನ ಎನಾಮಲ್ ಆಗಲಿ, ಹಲ್ಲಿನ ಸುತ್ತ ಕರಗಿದ ಎಲುಬಾಗಲಿ ತಾನಾಗಿಯೇ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಚಿಕಿತ್ಸೆಗಿಂತ ನಿತ್ಯದ ಅಭ್ಯಾಸಗಳಿಗೆ ಹೆಚ್ಚಿನ ಮಹತ್ವವಿದೆ.

ದಂತಪಾಚಿ ಮತ್ತು ರೋಗದ ಉಗಮ

ಹಲ್ಲುಗಳ ಮೇಲೆ ಸದಾ ಉಂಟಾಗುವ ಬ್ಯಾಕ್ಟೀರಿಯಾಗಳ ಅಂಟು ಪದರವನ್ನು ದಂತಪಾಚಿ ಎನ್ನುತ್ತಾರೆ. ಉಜ್ಜಿದ ಕೆಲವೇ ಗಂಟೆಗಳಲ್ಲಿ ಇದು ಮತ್ತೆ ಕೂಡಲಾರಂಭಿಸುತ್ತದೆ. ಸಕ್ಕರೆ ದೊರೆತಾಗ ಇದರಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವನ್ನು ಉತ್ಪಾದಿಸುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನಲ್ಲಿರುವ ಖನಿಜಾಂಶ ಕರಗುತ್ತದೆ. ಬಳಿಕ ಲಾಲಾರಸವು ಆಮ್ಲವನ್ನು ತಟಸ್ಥಗೊಳಿಸಿ, ಕಳೆದುಹೋದ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿ ತುಂಬುತ್ತದೆ. ತುಂಬುವುದಕ್ಕಿಂತ ಕರಗುವುದೇ ಹೆಚ್ಚಾದಾಗ ಹಲ್ಲು ಹುಳುಕಾಗುತ್ತದೆ. ಹುಳುಕು ಹಲ್ಲಿನಲ್ಲಿ ಹುಳುಗಳಿರುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ.

ಒಸಡಿನ ಅಂಚಿನಲ್ಲಿ ಉಳಿದ ಪಾಚಿಯು ಒಸಡಿನ ಉರಿಯೂತಕ್ಕೆ ಕಾರಣವಾಗುತ್ತದೆ. ಒಸಡು ಕೆಂಪಾಗಿ ಊದಿಕೊಳ್ಳುವುದು ಮತ್ತು ಉಜ್ಜುವಾಗ ರಕ್ತ ಬರುವುದು ಇದರ ಲಕ್ಷಣಗಳು. ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಸ್ವಯಂಸೇವಕರು ಬಾಯಿಯ ಶುಚಿತ್ವವನ್ನು ಸಂಪೂರ್ಣವಾಗಿ ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಅವರೆಲ್ಲರಲ್ಲೂ ಒಸಡಿನ ಉರಿಯೂತ ಕಾಣಿಸಿಕೊಂಡಿತು. ಶುಚಿತ್ವವನ್ನು ಪುನರಾರಂಭಿಸಿದ ಸುಮಾರು ಒಂದು ವಾರದಲ್ಲಿ ಅದು ಶಮನಗೊಂಡಿತು. ಹೀಗೆ ಈ ಹಂತವನ್ನು ಮನೆಯ ಆರೈಕೆಯಿಂದಲೇ ಸರಿಪಡಿಸಬಹುದೆಂದು ಸಿದ್ಧವಾಯಿತು. ರಕ್ತ ಬರುತ್ತದೆಂದು ಆ ಭಾಗವನ್ನು ಉಜ್ಜದೆ ಬಿಟ್ಟರೆ ಪಾಚಿ ಮತ್ತಷ್ಟು ಸೇರಿ ರೋಗ ಉಲ್ಬಣಿಸುತ್ತದೆ. ಕೆಲವರಲ್ಲಿ ಉರಿಯೂತವು ಆಳಕ್ಕಿಳಿದು, ಹಲ್ಲನ್ನು ಹಿಡಿದಿರುವ ಎಲುಬು ಕರಗಿ ಹಲ್ಲುಗಳು ಸಡಿಲವಾಗುತ್ತವೆ.

ಹಲ್ಲುಜ್ಜುವ ಕ್ರಮ

ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ಸುಮಾರು 2 ನಿಮಿಷ ಹಲ್ಲುಜ್ಜಬೇಕೆಂದು ದಂತವೈದ್ಯರು ಸಲಹೆ ನೀಡುತ್ತಾರೆ. ನಿದ್ರೆಯಲ್ಲಿ ಲಾಲಾರಸದ ಸ್ರವಿಕೆ ತೀರ ಕಡಿಮೆಯಾಗುವುದರಿಂದ, ಎರಡರಲ್ಲಿ ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬಾರದು.

* ಮೃದುವಾದ ಎಳೆಗಳ ಬ್ರಷ್ ಅನ್ನು ಬಳಸಬೇಕು.
* ಬ್ರಷ್ಷನ್ನು ಒಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತಡ ಹಾಕದೆ ಸಣ್ಣ ಚಲನೆಗಳಲ್ಲಿ ಉಜ್ಜಬೇಕು. ಬಲವಾಗಿ ಅಡ್ಡಡ್ಡ ಉಜ್ಜಿದರೆ ಒಸಡು ಹಿಂದೆ ಸರಿದು ಬೇರಿನ ಭಾಗ ಸವೆಯುತ್ತದೆ.
* ಹೊರಭಾಗ, ಒಳಭಾಗ ಮತ್ತು ಅಗಿಯುವ ಮೇಲ್ಮೈ ಮೂರನ್ನೂ ಉಜ್ಜಬೇಕು.
* ಉಜ್ಜಿದ ಬಳಿಕ ಪೇಸ್ಟನ್ನು ಉಗುಳಿದರೆ ಸಾಕು. ಹೆಚ್ಚು ನೀರಿನಿಂದ ಬಾಯಿ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ.
* 3–4 ತಿಂಗಳಿಗೊಮ್ಮೆ ಬ್ರಷ್ ಬದಲಿಸಬೇಕು.

ಬ್ರಷ್ಷಿನ ಎಳೆಗಳು ಹಲ್ಲುಗಳ ನಡುವಿನ ಸಂದನ್ನು ತಲುಪುವುದಿಲ್ಲ. ಅಲ್ಲಿ ದಂತದಾರ (ಫ್ಲಾಸ್) ಅಥವಾ ಸಂದಿನ ಕಿರು ಬ್ರಷ್ ಉಪಯುಕ್ತ. ಸೂಜಿ, ಪಿನ್ನುಗಳಿಂದ ಸಂದು ಕೆದಕುವುದರಿಂದ ಒಸಡಿಗೆ ಗಾಯವಾಗುತ್ತದೆ.

ಸಾಂಪ್ರದಾಯಿಕ ಸಾಧನಗಳು

ಬೇವಿನ ಕಡ್ಡಿಯನ್ನು ತುದಿಯಲ್ಲಿ ಅಗಿದು ನಾರು ಬಿಡಿಸಿ ಬಳಸಿದರೆ ಅದು ಪಾಚಿಯನ್ನು ತೆಗೆಯಬಲ್ಲದು. ಆದರೆ ದವಡೆ ಹಲ್ಲುಗಳ ಒಳಭಾಗವನ್ನು ಅದು ತಲುಪುವುದು ಕಷ್ಟ. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪುಗಳಂತಹ ಒರಟು ಪದಾರ್ಥಗಳು ಎನಾಮಲ್ಲನ್ನು ಸವೆಸುತ್ತವೆ. ತಂಬಾಕು ಬೆರೆಸಿದ ಹಲ್ಲುಪುಡಿ ಮತ್ತು ಪೇಸ್ಟ್‌ಗಳನ್ನು ಭಾರತದಲ್ಲಿ 1992ರಲ್ಲಿ ನಿಷೇಧಿಸಲಾಯಿತು.

ಫ್ಲೋರೈಡ್

ಫ್ಲೋರೈಡ್ ಎನಾಮಲ್‌ಗೆ ಖನಿಜ ಮರಳುವುದನ್ನು ಉತ್ತೇಜಿಸುತ್ತದೆ. ದಂತಕ್ಷಯ ತಡೆಗೆ 1000ರಿಂದ 1500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಪರಿಣಾಮಕಾರಿ. ಆದರೆ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ ಫ್ಲೋರೈಡ್ ಅತಿಯಾಗಿ ದೇಹ ಸೇರಿದರೆ ದಂತ ಫ್ಲೋರೋಸಿಸ್ ಉಂಟಾಗುತ್ತದೆ. ಕರ್ನಾಟಕದಲ್ಲಿ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಮುಂತಾದ ಕಡೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಇದರಿಂದಾಗುವ ಕಂದು ಕಲೆಗಳು ಎನಾಮಲ್‌ನೊಳಗೇ ಇರುವುದರಿಂದ ಉಜ್ಜಿದರೆ ಹೋಗುವುದಿಲ್ಲ. ಅವು ಅಶುಚಿತ್ವದ ಗುರುತಲ್ಲ. ಇಂತಹ ಪ್ರದೇಶಗಳಲ್ಲಿ ಮಕ್ಕಳಿಗೆ ಶುದ್ಧೀಕರಿಸಿದ ಕುಡಿಯುವ ನೀರು ಒದಗಿಸುವುದೇ ಮುಖ್ಯ ಪರಿಹಾರ.

ಆಹಾರ, ತಂಬಾಕು ಮತ್ತು ಅಡಿಕೆ

ಸಕ್ಕರೆಯ ಪ್ರಮಾಣದಷ್ಟೇ ಅದನ್ನು ಸೇವಿಸುವ ಆವರ್ತನವೂ ಮುಖ್ಯ. ಊಟದೊಡನೆ ಒಮ್ಮೆ ಸಿಹಿ ತಿನ್ನುವುದಕ್ಕಿಂತ ಬಿಸ್ಕತ್ತು, ಮಿಠಾಯಿ, ಸಕ್ಕರೆ ಬೆರೆತ ಕಾಫಿ–ಚಹಾಗಳನ್ನು ದಿನವಿಡೀ ಆಗಾಗ ಸೇವಿಸುವುದು ಹೆಚ್ಚು ಹಾನಿಕರ. ಪ್ರತಿ ಸೇವನೆಯೂ ಹೊಸ ಆಮ್ಲದಾಳಿಗೆ ಅವಕಾಶ ನೀಡುತ್ತದೆ. ಬೆಲ್ಲ ಮತ್ತು ಜೇನುತುಪ್ಪಗಳೂ ಇದಕ್ಕೆ ಹೊರತಲ್ಲ.

ಧೂಮಪಾನಿಗಳಲ್ಲಿ ಒಸಡಿನ ರಕ್ತಸ್ರಾವ ಕಡಿಮೆಯಾಗುವುದರಿಂದ ರೋಗ ಮರೆಯಾಗಿಯೇ ಬೆಳೆಯಬಹುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕನ್ನಷ್ಟೇ ಅಲ್ಲದೆ ಅಡಿಕೆಯನ್ನೂ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥವೆಂದು ವರ್ಗೀಕರಿಸಿದೆ.

ಮಕ್ಕಳ ಹಲ್ಲುಗಳು

ಮೊದಲ ಹಲ್ಲು ಸಾಮಾನ್ಯವಾಗಿ 6ನೇ ತಿಂಗಳ ಸುಮಾರಿಗೆ ಮೂಡುತ್ತದೆ. ಅಂದಿನಿಂದಲೇ ಅಕ್ಕಿ ಕಾಳಿನಷ್ಟು ಪೇಸ್ಟಿನಿಂದ ಉಜ್ಜಬೇಕು. 3 ವರ್ಷದ ನಂತರ ಬಟಾಣಿ ಕಾಳಿನಷ್ಟು ಸಾಕು. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಗುವನ್ನು ಮಲಗಿಸಿದರೆ ಮುಂಭಾಗದ ಹಲ್ಲುಗಳು ಬೇಗ ಹುಳುಕಾಗುತ್ತವೆ. ಸುಮಾರು 6ನೇ ವರ್ಷದಲ್ಲಿ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಇದನ್ನು ಹಾಲುಹಲ್ಲೆಂದು ತಿಳಿದು ಪೋಷಕರು ಹುಳುಕನ್ನು ನಿರ್ಲಕ್ಷಿಸುವುದುಂಟು.

ದಂತವೈದ್ಯರ ಭೇಟಿ

ಪಾಚಿ ಗಟ್ಟಿಯಾಗಿ ಕಿಟ್ಟವಾದ ಮೇಲೆ ಬ್ರಷ್‌ನಿಂದ ಹೋಗುವುದಿಲ್ಲ. ಅದನ್ನು ದಂತವೈದ್ಯರು ಸ್ಕೇಲಿಂಗ್ ಮೂಲಕ ತೆಗೆಯುತ್ತಾರೆ. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ತಪ್ಪು ಗ್ರಹಿಕೆ. ಎಲುಬು ಕರಗಿ ಮೊದಲೇ ಸಡಿಲಗೊಂಡಿದ್ದ ಹಲ್ಲು ಕಿಟ್ಟದ ಆಸರೆ ಹೋದಾಗ ಅಲುಗಾಡುವುದು ಅನುಭವಕ್ಕೆ ಬರುತ್ತದೆ. ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಒಸಡಿನ ರೋಗ ತೀವ್ರವಾಗುವ ಸಂಭವವಿದ್ದು, ಅವರು ನಿಯಮಿತವಾಗಿ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಒಂದೆರಡು ವಾರ ಸರಿಯಾಗಿ ಉಜ್ಜಿದರೂ ನಿಲ್ಲದ ರಕ್ತಸ್ರಾವ, ಅಲುಗಾಡುವ ಹಲ್ಲು, ಬಾಯಿ ತೆರೆಯಲು ಕಷ್ಟವಾಗುವುದು ಹಾಗೂ 2 ವಾರ ಕಳೆದರೂ ಮಾಯದ ಬಾಯಿಯ ಹುಣ್ಣು ಅಥವಾ ಬಿಳಿ, ಕೆಂಪು ಮಚ್ಚೆಗಳು ಕಂಡುಬಂದರೆ ತಡಮಾಡದೆ ದಂತವೈದ್ಯರನ್ನು ಕಾಣಬೇಕು.