ಅಥಣಿಗೆ ಧಾರವಾಡ ಇನ್ನೂ ದೂರ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಇಂವನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯೆ, ಸಾಹಿತ್ಯ, ಸಂಗೀತ ಹಾಗೂ ಪೇಡೆಗೆ ಹೆಸರಾದ ಊರಿನ ಹೆಸರು ಹೀಗೆ ಮೂದಲಿಕೆಯ ಮಾತೂ ಆಗಿರುವುದಕ್ಕೆ ಅಲ್ಲಿನ ಮಾನಸಿಕ ಆಸ್ಪತ್ರೆಯೇ ಕಾರಣ. ಗಡಿಯಾಚೆಗಿನ ಮರಾಠಿ ಮಾತಿನಲ್ಲಿ ಇದೇ ಕೆಲಸಕ್ಕೆ ಪುಣೆಯ ಯೆರವಡಾ ಒದಗಿಬರುತ್ತದೆ. ಊರು ಬೇರೆಯಾದರೂ ಕ್ರಿಯಾಪದ ಒಂದೇ: ಕಳಿಸುವುದು. ಮನಸ್ಸು ಕದಡಿದವರನ್ನು ಮನೆಯಿಂದ, ಊರಿನಿಂದ ದೂರ ಕಳಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂಬ ತಿಳಿವಳಿಕೆ ಈ ಮಾತಿನ ಹಿಂದಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡದ ಸೀಮೆಯಲ್ಲಿ ಈ ತಿಳಿವಳಿಕೆಗೆ ಒಂದೂಮುಕ್ಕಾಲು ಶತಮಾನಕ್ಕೂ ಮಿಗಿಲಾದ ಚರಿತ್ರೆಯಿದೆ.

ಧಾರವಾಡದ ‘ಲುನಾಟಿಕ್ ಅಸೈಲಂ’ ಆರಂಭವಾದದ್ದು 1845ರಲ್ಲಿ. ಆಗ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳೆರಡೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಹಾಗೆಯೇ ಇದ್ದವು. ಚಿಕ್ಕೋಡಿ, ಅಥಣಿಗಳು ನೇರವಾಗಿ ಬ್ರಿಟಿಷರ ಆಡಳಿತದಲ್ಲಿದ್ದರೆ, ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಮೀರಜ್-ಬೆಳಗಾವಿ ರೈಲುಮಾರ್ಗ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಮೊದಲು ಕೃಷ್ಣಾ ತೀರದ ಹಳ್ಳಿಯಿಂದ ಧಾರವಾಡ ಮುಟ್ಟಬೇಕಾದರೆ ಎತ್ತಿನ ಗಾಡಿಯಲ್ಲಿ ಹಲವು ದಿನಗಳ ಪ್ರಯಾಣ. ಅಷ್ಟು ದೂರ ಒಯ್ದುಬಿಟ್ಟ ರೋಗಿಯನ್ನು ನೋಡಲು ಮತ್ತೆ ಮತ್ತೆ ಹೋಗುವುದು ಒಕ್ಕಲು ಮನೆತನಕ್ಕೆ ಸಾಧ್ಯವಿರಲಿಲ್ಲ.

ಅಲ್ಲಿಗೆ ಒಯ್ಯುತ್ತಿದ್ದವರು ಬಹುಮಟ್ಟಿಗೆ ಮನೆಯವರೂ ಅಲ್ಲ, ವೈದ್ಯರೂ ಅಲ್ಲ. 1858ರ ಕಾನೂನಿನ ಪ್ರಕಾರ, ಅಲೆದಾಡುತ್ತಿರುವ ಅಥವಾ ಅಪಾಯಕಾರಿ ಎನಿಸಿದ ‘ಹುಚ್ಚ’ರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಪೊಲೀಸರ ಕರ್ತವ್ಯವಾಗಿತ್ತು. ಮ್ಯಾಜಿಸ್ಟ್ರೇಟರು ವೈದ್ಯಾಧಿಕಾರಿಯ ನೆರವಿನಿಂದ ಪರೀಕ್ಷಿಸಿ ಅಸೈಲಂಗೆ ಕಳಿಸುತ್ತಿದ್ದರು. ರೋಗಿಯ ಜತೆಗೆ ಹೋಗುತ್ತಿದ್ದ ವಿವರಪಟ್ಟಿಯಲ್ಲಿ ರೋಗಕ್ಕೆ ಕಾರಣವೇನು ಎಂಬ ಅಂಕಣವೂ ಇರುತ್ತಿತ್ತು.

ಆ ಅಂಕಣ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು 1893-94ರ ಭಾರತೀಯ ಸೆಣಬಿನ ಮಾದಕವಸ್ತು ಆಯೋಗ ಪರೀಕ್ಷಿಸಿತು. ಗಾಂಜಾ, ಭಂಗಿ ಮತ್ತು ಚರಸ್‌ಗಳ ಬಳಕೆಯಿಂದ ಹುಚ್ಚು ಹಿಡಿಯುತ್ತದೆಯೇ ಎಂಬುದು ಅದರ ಮುಂದಿದ್ದ ಪ್ರಶ್ನೆ. 1892ರಲ್ಲಿ ಬ್ರಿಟಿಷ್ ಭಾರತದ ಅಸೈಲಂಗಳಿಗೆ ದಾಖಲಾದ 1,344 ಮಂದಿಯಲ್ಲಿ 222 ಮಂದಿಯ ಕಾಯಿಲೆಗೆ ಇವೇ ಕಾರಣವೆಂದು ದಫ್ತರಗಳು ಹೇಳಿದ್ದವು. ಆಯೋಗ ಪ್ರತಿಯೊಂದು ಪ್ರಕರಣದ ಜಾಡು ಹಿಡಿದು ವಿಚಾರಣೆ ನಡೆಸಿದಾಗ ಆ ಸಂಖ್ಯೆ 98ಕ್ಕೆ ಇಳಿಯಿತು. ಕಾರಣ ತಿಳಿಯದಿದ್ದಾಗ ಕೆಳಹಂತದ ಪೊಲೀಸರು ತಮಗೆ ತೋಚಿದ್ದನ್ನು ಬರೆದು ಅಂಕಣ ತುಂಬುತ್ತಿದ್ದರು. ಅಸೈಲಂನಲ್ಲಿ ಅದೇ ದಾಖಲೆಯಾಗುತ್ತಿತ್ತು. ತಾನು ಬಲ್ಲ ಭಾಷೆಯಲ್ಲಿ ತನ್ನ ಕಷ್ಟ ಹೇಳಿಕೊಳ್ಳಲು ರೋಗಿಗೆ, ಆತನ ಹಿನ್ನೆಲೆ ತಿಳಿಸಲು ಮನೆಯವರಿಗೆ ಆ ವ್ಯವಸ್ಥೆಯಲ್ಲಿ ಅವಕಾಶವೇ ಇರಲಿಲ್ಲ.

ಇದೇ ಕಾಲದ ಇನ್ನೊಂದು ಆಸ್ಪತ್ರೆಯನ್ನು ಇಲ್ಲಿ ನೆನೆಯಬಹುದು. ಧಾರವಾಡದ ಅಸೈಲಂಗಿಂತ ಮೂರು ವರ್ಷ ತಡವಾಗಿ, 1848ರಲ್ಲಿ, ವೇಲ್ಸ್‌ನ ಡೆನ್‌ಬಿ ಎಂಬ ಊರಿನಲ್ಲಿ ಮಾನಸಿಕ ಆಸ್ಪತ್ರೆ ಆರಂಭವಾಯಿತು. ವೆಲ್ಷ್ ಮಾತ್ರ ಬಲ್ಲ ರೋಗಿಗಳನ್ನು ಇಂಗ್ಲೆಂಡಿನ ಅಸೈಲಂಗಳಿಗೆ ಒಯ್ದರೆ ಅಲ್ಲಿ ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ಅದರ ಸ್ಥಾಪನೆಗೆ ಮುಖ್ಯ ಕಾರಣವಾಗಿತ್ತು. ಒಂದೂವರೆ ಶತಮಾನದ ನಂತರ, 1995ರಲ್ಲಿ, ಆ ಆಸ್ಪತ್ರೆ ಮುಚ್ಚಿತು, ಕಟ್ಟಡ ಪಾಳುಬಿದ್ದಿತು. ಬ್ರಿಟನ್, ಅಮೆರಿಕಗಳಲ್ಲಿ ಇಂತಹ ಪಾಳು ಆಸ್ಪತ್ರೆಗಳು ಹಲವಾರು. ಒಡೆದ ಕಿಟಕಿ, ತುಕ್ಕು ಹಿಡಿದ ಮಂಚಗಳ ಚಿತ್ರ ತೆಗೆಯಲು ಬೇಲಿ ಹಾರಿ ಒಳನುಗ್ಗುವುದು ಅಲ್ಲಿ ಕೆಲವರ ಹವ್ಯಾಸವೇ ಆಗಿದೆ. ನಮ್ಮಲ್ಲಿ ಹಾಗಾಗಲಿಲ್ಲ. ಧಾರವಾಡದ ಅಸೈಲಂ ಮಾನಸಿಕ ಆಸ್ಪತ್ರೆಯಾಗಿ, ಮುಂದೆ 2009ರಲ್ಲಿ ಸ್ವಾಯತ್ತ ಸ್ವರೂಪ ಪಡೆದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಆಯಿತು. ಅಲ್ಲಿ ಇಂದಿಗೂ ಚಿಕಿತ್ಸೆ ನಡೆಯುತ್ತಿದೆ, ಮನೋವೈದ್ಯರು ತಯಾರಾಗುತ್ತಿದ್ದಾರೆ. ಕಟ್ಟಡವನ್ನು ಯಾರೂ ತೊರೆಯಲಿಲ್ಲ ಎಂಬುದು ನೆಮ್ಮದಿಯ ಸಂಗತಿ. ಆದರೆ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಬಂಧುಗಳಿಂದ ತೊರೆಯಲ್ಪಟ್ಟ ರೋಗಿಗಳ ಕತೆ ಬೇರೆಯೇ.

1946ರ ಭೋರ್ ಸಮಿತಿಯ ವರದಿ ಬಂದಾಗ ಇಡೀ ದೇಶದಲ್ಲಿ ಮಾನಸಿಕ ರೋಗಿಗಳಿಗೆ ಇದ್ದದ್ದು ಸುಮಾರು ಹತ್ತು ಸಾವಿರ ಹಾಸಿಗೆಗಳು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದು ಹಾಸಿಗೆಯಿದ್ದರೆ, ಭಾರತದಲ್ಲಿ 40,000 ಜನರಿಗೆ ಒಂದು. ಅರ್ಧ ಶತಮಾನದ ಬಳಿಕ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪರವಾಗಿ ನಿಮ್ಹಾನ್ಸ್ ತಜ್ಞರು ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 1999ರಲ್ಲಿ ವರದಿ ನೀಡಿದರು. ಶೇ 38ರಷ್ಟು ಆಸ್ಪತ್ರೆಗಳು ಹುಟ್ಟಿದಾಗಿನ ಜೈಲಿನಂತಹ ರಚನೆಯನ್ನೇ ಉಳಿಸಿಕೊಂಡಿದ್ದವು. ರೋಗಿಗಳನ್ನು ‘ನಿವಾಸಿ’ಗಳೆಂದೂ ಸಿಬ್ಬಂದಿಯನ್ನು ‘ವಾರ್ಡರ್’ಗಳೆಂದೂ ಕರೆಯುವ ರೂಢಿ ಮುಂದುವರಿದಿತ್ತು. ಕೆಲವು ಆಸ್ಪತ್ರೆಗಳು ಕುಟುಂಬಗಳು ತಮ್ಮವರನ್ನು ತಂದು ಬಿಟ್ಟುಹೋಗುವ ತಾಣಗಳಾಗಿಬಿಟ್ಟಿವೆ ಎಂದು ಆ ವರದಿ ಕಟುವಾಗಿ ಹೇಳಿತು.

ಗುಣವಾದರೂ ಮನೆಗೆ ಮರಳಲಾಗದವರ ಸ್ಥಿತಿಯನ್ನು ಕೇವಲ ಬಂಧುಗಳ ಕಲ್ಲೆದೆಯ ಫಲವೆಂದು ತೀರ್ಮಾನಿಸುವುದು ಸುಲಭ, ಆದರೆ ನ್ಯಾಯವಲ್ಲ. ಸ್ಕಿಜೋಫ್ರೇನಿಯಾದಂತಹ ಕಾಯಿಲೆಗೆ ಮಾತ್ರೆಗಳನ್ನು ವರ್ಷಗಟ್ಟಲೆ ತಪ್ಪದೇ ನುಂಗಬೇಕಾಗುತ್ತದೆ. ನಿಂತರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಅಥಣಿಯಿಂದ ಬೆಳಗಾವಿ ಮಾರ್ಗವಾಗಿ ಧಾರವಾಡ ಇನ್ನೂರು ಕಿಲೋಮೀಟರಿಗೆ ಹತ್ತಿರ. ತಿಂಗಳಿಗೊಮ್ಮೆ ರೋಗಿಯನ್ನು ಕರೆದುಕೊಂಡು ಹೋಗಿ ಬರುವುದೆಂದರೆ ಇಬ್ಬರ ಬಸ್ ಖರ್ಚು, ಎರಡು ದಿನದ ಕೂಲಿ ನಷ್ಟ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಗಾಗಲಿ, ರಾಯಬಾಗದ ಕಬ್ಬಿನ ಗದ್ದೆಯಲ್ಲಿ ದುಡಿಯುವ ತಂದೆಗಾಗಲಿ ಇದು ಎಷ್ಟು ತಿಂಗಳು ಸಾಧ್ಯ? ಮೂರನೆಯ ತಿಂಗಳು ಪ್ರಯಾಣ ತಪ್ಪುತ್ತದೆ, ಮಾತ್ರೆ ಮುಗಿಯುತ್ತದೆ, ಕಾಯಿಲೆ ಮರಳುತ್ತದೆ. ಎರಡು ಮೂರು ಬಾರಿ ಹೀಗಾದ ಮೇಲೆ ಕುಟುಂಬ ಕೈಚೆಲ್ಲುತ್ತದೆ. ತೊರೆಯುವಿಕೆ ಬಹಳಷ್ಟು ಬಾರಿ ಒಂದು ದಿನದ ನಿರ್ಧಾರವಲ್ಲ, ದೂರವು ನಿಧಾನವಾಗಿ ಮಾಡಿಸುವ ಕೆಲಸ.

ಮನೋವೈದ್ಯರು ದೂರವಿರುವಾಗ ಹತ್ತಿರದ ದೈವ ಮೊದಲು ನೆನಪಾಗುವುದು ಸಹಜ. ಈ ಭಾಗದವರು ಚಿಂಚಲಿ ಮಾಯಕ್ಕನಿಗೆ ಹರಕೆ ಹೊರುತ್ತಾರೆ. ಕೃಷ್ಣಾ-ಪಂಚಗಂಗಾ ಸಂಗಮದ ನರಸೋಬನ ವಾಡಿಗೆ ಹೋಗಿ ದತ್ತನ ಮುಂದೆ ಕೂರುತ್ತಾರೆ. ವಿದ್ಯಾವಂತರು ಇದನ್ನು ಮೌಢ್ಯವೆಂದು ಹಳಿಯುವುದುಂಟು. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಆಹುತಿಯಾದದ್ದನ್ನು ಮರೆಯುವಂತಿಲ್ಲ. ಸರಪಳಿಗೆ ಎಲ್ಲಿಯೂ ಅವಕಾಶ ಸಲ್ಲದು. ಆದರೆ ಶ್ರದ್ಧೆಯನ್ನು ಬೈದು ದೂರವಿಟ್ಟರೆ ರೋಗಿಗೆ ಲಾಭವಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮುಜಾವರರ ಸಹಕಾರದಿಂದಲೇ ಮನೋವೈದ್ಯಕೀಯ ಚಿಕಿತ್ಸೆ ನೀಡುವ ‘ದವಾ-ದುವಾ’ ಯೋಜನೆ 2008ರಿಂದ ಬೇರೊಂದು ದಾರಿಯನ್ನು ತೋರಿಸಿದೆ. ಅಲ್ಲಿ ಪ್ರಾರ್ಥನೆಯೂ ನಿಲ್ಲಲಿಲ್ಲ, ಮಾತ್ರೆಯೂ ತಪ್ಪಲಿಲ್ಲ.

ದೂರವನ್ನು ಕಡಿಮೆ ಮಾಡುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಹಳ್ಳಿಯ ಜನರಿಗೆ ಹಳ್ಳಿಯಲ್ಲೇ ಚಿಕಿತ್ಸೆ ನೀಡಲು ಸಾಧ್ಯವೇ ಎಂದು ನಿಮ್ಹಾನ್ಸ್ 1970ರ ದಶಕದಲ್ಲಿಯೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಯೋಗ ನಡೆಸಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ವಿಸ್ತರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯ ಔಷಧಿಗಳನ್ನು ಅಲ್ಲಿಯೇ ಇಟ್ಟರೆ ಬಹುಪಾಲು ರೋಗಿಗಳು ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಿಲ್ಲ ಎಂಬುದನ್ನು ಬಳ್ಳಾರಿ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಭೇಟಿ ನೀಡುವ ‘ಮನೋಚೈತನ್ಯ’ ಕಾರ್ಯಕ್ರಮ 2014ರಲ್ಲಿ ಬಂತು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಾಗಿದ್ದರೆ ಕೊರತೆ ಎಲ್ಲಿದೆ? ಜಿಲ್ಲಾ ಕಾರ್ಯಕ್ರಮ ಜಿಲ್ಲೆಯನ್ನು ಒಂದು ಘಟಕವೆಂದು ಎಣಿಸುತ್ತದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಬೆಳಗಾವಿಯದು 47 ಲಕ್ಷ 79 ಸಾವಿರ. ಲೆಕ್ಕದಲ್ಲಿ ಎರಡೂ ಒಂದೊಂದು ಜಿಲ್ಲೆ. ಬೆಳಗಾವಿ ನಗರವನ್ನು ಕೇಂದ್ರವಾಗಿ ಹೊಂದಿದ ಒಂದು ತಂಡ ಮಹಾರಾಷ್ಟ್ರದ ಗಡಿಯುದ್ದಕ್ಕೂ ಚಾಚಿಕೊಂಡ ಈ ತಾಲ್ಲೂಕುಗಳನ್ನು ಎಷ್ಟು ಬಾರಿ ಮುಟ್ಟಬಲ್ಲದು? ಜನ ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಕಾಗವಾಡ, ಅಥಣಿಯವರಿಗೆ ಕಾಯಿಲೆ ಯಾವುದೇ ಇರಲಿ, ಮೀರಜ್ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಲಾಪುರ. ಆದರೆ ಗಡಿಯಾಚೆ ಖಾಸಗಿ ವೈದ್ಯರಲ್ಲಿ ಪಡೆದ ಚಿಕಿತ್ಸೆಯ ವಿವರ ಈಚೆಯ ಸರ್ಕಾರಿ ಕಡತಕ್ಕೆ ಬರುವುದಿಲ್ಲ. ಜತೆಗೆ ಭಾಷೆಯ ಪ್ರಶ್ನೆಯೂ ಇದೆ. ಮುರಿದ ಮೂಳೆಯನ್ನು ಕ್ಷಕಿರಣ ತೋರಿಸುತ್ತದೆ. ಮುರಿದ ಮನಸ್ಸನ್ನು ಮಾತೇ ತೋರಿಸಬೇಕು. ಕನ್ನಡದಲ್ಲಿ ಕನಸು ಕಾಣುವ ಅಥಣಿಯ ಹೆಣ್ಣುಮಗಳಿಗೆ ಕನ್ನಡ ಬಲ್ಲ ವೈದ್ಯರೂ, ಮರಾಠಿ ಮಾತಿನ ನಿಪ್ಪಾಣಿಯ ಯುವಕನಿಗೆ ಮರಾಠಿ ಬಲ್ಲ ಆಪ್ತಸಮಾಲೋಚಕರೂ ಬೇಕು. ಇಲ್ಲಿ ಗಡಿ ವಿವಾದದ ಮಾತಿಲ್ಲ, ಚಿಕಿತ್ಸೆಯ ಮಾತು ಮಾತ್ರ ಇದೆ. ಡೆನ್‌ಬಿಯ ಜನ 1848ರಲ್ಲಿಯೇ ಇದನ್ನು ಅರಿತಿದ್ದರು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಈ ವಿಷಯದಲ್ಲಿ ಯಾವ ಸಂದಿಗ್ಧವನ್ನೂ ಉಳಿಸಿಲ್ಲ. ಮಾನಸಿಕ ಅಸ್ವಸ್ಥರು ಸೇವೆಗಾಗಿ ಬಹುದೂರ ಪ್ರಯಾಣ ಮಾಡುವಂತಾಗಬಾರದು, ಅವರು ವಾಸಿಸುವ ಸ್ಥಳದ ಸಮೀಪವೇ ಸೇವೆ ದೊರೆಯಬೇಕು ಎಂದು ಅದರ 18ನೆಯ ಕಲಂ ವಿಧಿಸುತ್ತದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿ ಉಚಿತವಾಗಿ, ಸದಾಕಾಲ ಸಿಗಬೇಕು ಎನ್ನುತ್ತದೆ. ಕುಟುಂಬ ಒಪ್ಪಲಿಲ್ಲವೆಂಬ ಅಥವಾ ಮನೆಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 19ನೆಯ ಕಲಂ. 1858ರಲ್ಲಿ ಅಲೆಮಾರಿ ರೋಗಿಯನ್ನು ಹಿಡಿಯಬೇಕಾಗಿದ್ದ ಪೊಲೀಸರು ಈಗ ಅವರನ್ನು ರಕ್ಷಣೆಗೆ ಪಡೆದು ಇಪ್ಪತ್ನಾಲ್ಕು ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು; ಲಾಕಪ್ಪಿಗೆ ಹಾಕುವಂತಿಲ್ಲ. ಕಾನೂನಿನ ಮಟ್ಟದಲ್ಲಿ ಅಸೈಲಂ ಯುಗ ಮುಗಿದಿದೆ.

ಕಾನೂನು ಹೇಳಿದ್ದನ್ನು ಈ ಐದು ತಾಲ್ಲೂಕುಗಳಲ್ಲಿ ಮಾಡಿ ತೋರಿಸಲು ದೊಡ್ಡ ಕಟ್ಟಡಗಳು ಬೇಕಿಲ್ಲ. ಚಿಕ್ಕೋಡಿ ಶೈಕ್ಷಣಿಕವಾಗಿ ಈಗಾಗಲೇ ಪ್ರತ್ಯೇಕ ಜಿಲ್ಲೆ. ಅದೇ ತರ್ಕದಿಂದ ಮಾನಸಿಕ ಆರೋಗ್ಯಕ್ಕೂ ಚಿಕ್ಕೋಡಿಯನ್ನು ಕೇಂದ್ರವಾಗಿಸಿ ಎರಡನೆಯ ತಂಡವನ್ನು ನೇಮಿಸಬಹುದು. ಪ್ರತಿ ತಾಲ್ಲೂಕಿನಲ್ಲಿ ವೈದ್ಯರ ಭೇಟಿಯ ದಿನ ನಿಶ್ಚಿತವಾಗಿದ್ದು, ಅದನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಬೇಕು. ಧಾರವಾಡದಿಂದ ಬಿಡುಗಡೆಯಾಗಿ ಬರುವ ರೋಗಿಯ ವಿವರ, ಆತನ ಒಪ್ಪಿಗೆ ಪಡೆದು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಆತನಿಗಿಂತ ಮುಂಚೆ ತಲುಪಬೇಕು. ಮಾತ್ರೆ ಒಯ್ಯಲು ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಬೇಕು. ಆ ಕೆಲಸಕ್ಕೆ ಆಕೆಗೆ ಗೌರವಧನವೂ ಸಿಗಬೇಕು. ಮನೆಗೆ ಮರಳಲಾಗದವರಿಗಾಗಿ ಕಾಯ್ದೆ ಹೇಳಿರುವ ಮಧ್ಯಂತರ ವಸತಿಯೊಂದಾದರೂ ಈ ಭಾಗದಲ್ಲಿ ಇರಬೇಕು. 2019ರ ಪ್ರವಾಹದಲ್ಲಿ ಕೃಷ್ಣೆ ಮನೆ-ಬೆಳೆ ಕಸಿದ ಊರುಗಳಿವು. ಪರಿಹಾರದ ಪಟ್ಟಿಯಲ್ಲಿ ಗೋಡೆ ಬಿದ್ದದ್ದು ದಾಖಲಾಗುತ್ತದೆ. ನಿದ್ದೆಗೆಟ್ಟದ್ದನ್ನು ದಾಖಲಿಸಲು ಅಂಕಣವೇ ಇರುವುದಿಲ್ಲ.

ಡಿಮ್ಹಾನ್ಸ್‌ನ ಮಹತ್ವವನ್ನು ಇದು ತಗ್ಗಿಸುವುದಿಲ್ಲ. ಕಠಿಣ ಪ್ರಕರಣಗಳಿಗೆ, ತರಬೇತಿಗೆ, ಸಂಶೋಧನೆಗೆ ಅದು ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಗುಣವಾಗಬಲ್ಲವರು ಅಲ್ಲಿಗೆ ಅಲೆಯದಂತಾದರೆ ಅಲ್ಲಿನ ವೈದ್ಯರಿಗೂ ಉಸಿರಾಡಲು ಬಿಡುವು ಸಿಗುತ್ತದೆ. ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತು ಬೈಗುಳವಾಗಿ ಉಳಿಯುವುದೋ ಅಳಿಯುವುದೋ ಹೇಳಲಾಗದು. ಅಥಣಿಯ ತಾಯಿಯೊಬ್ಬಳು ಮಗನ ಮಾತ್ರೆಗಾಗಿ ಅಥಣಿಯನ್ನು ದಾಟಬೇಕಾಗದ ದಿನವನ್ನು ಮಾತ್ರ ಸರ್ಕಾರ ಮನಸ್ಸು ಮಾಡಿದರೆ ತರಬಹುದು. ಕಾಯ್ದೆ ಅದನ್ನು ಆಕೆಯ ಹಕ್ಕೆಂದೇ ಬರೆದಿದೆ.